ಊರಿನ ಹೊಗೆಗೆ ಲೆಕ್ಕ ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಮಗಳ ಸಂಸಾರ ನಾಸಿಕ್‌ನಲ್ಲಿದೆ. ನಾಸಿಕ್, ಛತ್ರಪತಿ ಸಂಭಾಜಿನಗರದಂಥ ಊರುಗಳ ಇಂಧನ ಬಳಕೆ, ಹಸಿರುಮನೆ ಅನಿಲಗಳ ಲೆಕ್ಕ ಹಾಕಲು ಹೊರಗಿನ ಕನ್ಸಲ್ಟೆಂಟ್‌ಗಳು ಬೇಕಂತೆ. ಕರೆಂಟ್ ಬಿಲ್ಲು, ಪೆಟ್ರೋಲ್ ಬಂಕಿನ ಮಾರಾಟ ಕೂಡಿಸಿದರೆ ಸಾಲದೇ?
– ಓದುಗರೊಬ್ಬರು, ಧಾರವಾಡ

ಮಗಳ ಮನೆಯಿಂದಲೇ ಶುರು ಮಾಡೋಣ. ತಿಂಗಳಿಗೆ 150 ಯೂನಿಟ್ ಕರೆಂಟ್ ಉರಿಯುತ್ತದೆ ಎಂದುಕೊಳ್ಳಿ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಲ್ಲಿಗೆ 105 ಕಿಲೋ ಆಯಿತು. 14.2 ಕಿಲೋದ ಒಂದು ಸಿಲಿಂಡರಿಗೆ ಸುಮಾರು 42 ಕಿಲೋ, ಸ್ಕೂಟರಿನ ಹತ್ತು ಲೀಟರ್ ಪೆಟ್ರೋಲಿಗೆ 23 ಕಿಲೋ. ಒಟ್ಟು 170. ಒಂದು ಮನೆಯ ಮಟ್ಟಿಗೆ ನಿಮ್ಮ ಮಾತೇ ಸರಿ, ಕೂಡಿಸಿದರೆ ಮುಗಿಯಿತು.

ಊರಿಗೆ ಬಂದಾಗ ಕಥೆ ಬೇರೆ. ನಾಸಿಕ್ ರೋಡ್ ಹತ್ತಿರ ಎಕಲಹರೆಯಲ್ಲಿ 210 ಮೆಗಾವ್ಯಾಟಿನ ಮೂರು ಘಟಕಗಳಿರುವ ಉಷ್ಣವಿದ್ಯುತ್ ಸ್ಥಾವರವಿದೆ. ಅಲ್ಲಿ ಕಲ್ಲಿದ್ದಲು ಸುಟ್ಟು ಬಂದ ಕರೆಂಟ್ ಇಡೀ ರಾಜ್ಯದ ಜಾಲಕ್ಕೆ ಸೇರುತ್ತದೆ. ಆ ಚಿಮಣಿಯ ಹೊಗೆಯನ್ನೂ ಬರೆದು, ಮನೆಮನೆಯ ಯೂನಿಟ್ಟಿಗೆ 0.7 ಕಿಲೋವನ್ನೂ ಬರೆದರೆ ಒಂದೇ ಹೊಗೆಯನ್ನು ಎರಡು ಸಲ ಎಣಿಸಿದಂತೆ. ನಗರಗಳ ಲೆಕ್ಕಕ್ಕೆಂದು 2014ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮಾವಳಿ ಇದಕ್ಕೆ ದಾರಿ ಮಾಡಿದೆ: ಊರು ಬಳಸಿದ ಕರೆಂಟು ಊರಿನ ಮೊತ್ತಕ್ಕೆ ಸೇರಬೇಕು, ಜಾಲಕ್ಕೆ ಕೊಟ್ಟ ಸ್ಥಾವರದ ಹೊಗೆಯನ್ನು ಪ್ರತ್ಯೇಕವಾಗಿ ತೋರಿಸಬೇಕು.

ಡೀಸೆಲ್‌ದೂ ಇಂಥದೇ ಗೋಜಲು. ಮುಂಬೈ–ಆಗ್ರಾ ಹೆದ್ದಾರಿ ನಾಸಿಕ್ ಊರೊಳಗೇ ಹಾಯುತ್ತದೆ. ಇಲ್ಲಿ ಟ್ಯಾಂಕ್ ತುಂಬಿಸಿಕೊಂಡ ಲಾರಿ ಅದನ್ನು ಧುಳೆಯಾಚೆಗೆ ಸುಡುತ್ತದೆ. ಬಂಕಿನ ಮಾರಾಟವನ್ನು ನಂಬಬೇಕೋ, ರಸ್ತೆಗಿಳಿದು ಗಾಡಿಗಳನ್ನು ಎಣಿಸಬೇಕೋ? ಇನ್ನು ಯಾವ ವರ್ಷವನ್ನು ಅಳತೆಗೋಲು ಮಾಡಿಕೊಳ್ಳಬೇಕು? 2015 ನಾಸಿಕ್‌ಗೆ ಕುಂಭಮೇಳದ ವರ್ಷ. ಮುಂದಿನ ಪುಣ್ಯಸ್ನಾನ 2027ಕ್ಕೆ. ಲಕ್ಷಾಂತರ ಜನ ಬಂದು ಹೋದ ವರ್ಷವನ್ನು ಆಧಾರವಾಗಿಟ್ಟರೆ ಮರುವರ್ಷ ಏನೂ ಮಾಡದೆಯೇ ಹೊಗೆ ಇಳಿದಂತೆ ಕಾಣುತ್ತದೆ. ತಲಾ ಲೆಕ್ಕಕ್ಕೆ ಬೇಕಾದ ಜನಸಂಖ್ಯೆಯೂ 2011ರ ಜನಗಣತಿಯದು. ಆಗ ನಾಸಿಕ್‌ನಲ್ಲಿ ಸುಮಾರು 14.86 ಲಕ್ಷ ಜನರಿದ್ದರು. ನಂತರದ್ದೆಲ್ಲ ಅಂದಾಜು.

ಸಂಭಾಜಿನಗರದಲ್ಲಿ, ಅಂದರೆ ನಾವು ಔರಂಗಾಬಾದ್ ಎಂದು ಓದಿ ಬೆಳೆದ ಊರಿನಲ್ಲಿ, ತಕರಾರು ಗಡಿಯದ್ದು. ವಾಳೂಜ್ ಕೈಗಾರಿಕಾ ವಸಾಹತು ಪಾಲಿಕೆಯ ಗಡಿಯಾಚೆ ಇದೆ. ದುಡಿಯುವವರು ಊರಿನವರು, ಹೊಗೆ ಮಾತ್ರ ಹೊರಗಿನದು. ಬಿಟ್ಟುಬಿಟ್ಟರೆ ಮೊತ್ತ ಚೆನ್ನಾಗಿ ಕಾಣುತ್ತದೆ, ಆದರೆ ಅದು ಊರಿನ ನಿಜವಾದ ಚಿತ್ರವಲ್ಲ.

ನನ್ನನ್ನು ಹೆಚ್ಚು ಕಾಡುವುದು ಆ ಊರಿನ ನೀರು. ಸಾತವಾಹನರ ಪ್ರತಿಷ್ಠಾನವಾಗಿದ್ದ ಪೈಠಣದ ಬಳಿ ಗೋದಾವರಿಗೆ ಜಾಯಕವಾಡಿ ಅಣೆಕಟ್ಟು ಕಟ್ಟಿದ್ದಾರೆ. ನಾಸಿಕ್ ಕಡೆಯಿಂದ ಹರಿದು ಬಂದ ಅದೇ ನದಿ. ಆ ನೀರನ್ನು ಎತ್ತರದಲ್ಲಿರುವ ಊರಿಗೆ ಪಂಪ್ ಮಾಡಿ ತರಬೇಕು. ಹತ್ತು ಕೋಟಿ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಪಂಪು ಶೇಕಡಾ 70ರಷ್ಟು ದಕ್ಷವಾಗಿದ್ದರೆ, ಸುಮಾರು 39,000 ಯೂನಿಟ್ ಬೇಕು. ಸುಮಾರು 27 ಟನ್ ಇಂಗಾಲದ ಡೈಆಕ್ಸೈಡ್. ಕೊಳವೆಯೊಳಗಿನ ತಿಕ್ಕಾಟದ ಖರ್ಚು ಬೇರೆ. ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ಏರುವುದು ಸುಮಾರು ಐನೂರು ಮೀಟರ್, ಅಲ್ಲಿಗೆ ಈ ಅಂಕಿಯನ್ನು ಐದರಿಂದ ಗುಣಿಸಿಕೊಳ್ಳಿ. ಸೋರುವ ನಲ್ಲಿಯೊಂದು ಹನಿ ಹನಿಯಾಗಿ ಕಲ್ಲಿದ್ದಲನ್ನೂ ಚೆಲ್ಲುತ್ತಿದೆ ಎಂಬುದು ಈ ಲೆಕ್ಕ ಹಾಕುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಕಸವೂ ಹಾಗೆಯೇ. ಸಂಭಾಜಿನಗರದ ಕಸ ಸುರಿಯುತ್ತಿದ್ದ ನಾರೇಗಾವ್‌ನ ಗುಡ್ಡೆಗೆ ಇನ್ನು ಕಸ ಬೇಡವೆಂದು 2018ರಲ್ಲಿ ಸುತ್ತಲಿನ ಹಳ್ಳಿಯವರು ಲಾರಿಗಳನ್ನು ತಡೆದರು. ಆದರೆ ಒಮ್ಮೆ ಸುರಿದ ಹಸಿಕಸ ವರ್ಷಗಟ್ಟಲೆ ಮೀಥೇನ್ ಬಿಡುತ್ತಿರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಬಿಸಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ಈ ವರ್ಷದ ಹೊಗೆ ಹುಡುಕಲು ಹಳೆಯ ಕಸದ ಕಡತ ತೆರೆಯಬೇಕಾಗುತ್ತದೆ.

ಕನ್ಸಲ್ಟೆಂಟ್ ಬೇಕಾಗುವುದು ಇಲ್ಲಿ. ಇಷ್ಟನ್ನು ಜೋಡಿಸಿದ ಮೇಲೆ ಅವರು ಮಾದರಿ ಕಟ್ಟುತ್ತಾರೆ: ಹಳೆಯ ಪಂಪು ಬದಲಿಸಿದರೆ ಎಷ್ಟು ಉಳಿತಾಯ, ಎಲೆಕ್ಟ್ರಿಕ್ ಬಸ್ಸು ಬಂದರೆ ಎಷ್ಟು, ಏನೂ ಮಾಡದಿದ್ದರೆ 2050ಕ್ಕೆ ಎಲ್ಲಿಗೆ ಮುಟ್ಟುತ್ತೇವೆ. 2022ರ ಮಾರ್ಚಿನಲ್ಲಿ ಬಂದ ಮುಂಬೈಯ ಹವಾಮಾನ ಯೋಜನೆ ಆ ಊರಿನ 2019ರ ಮೊತ್ತವನ್ನು 2.34 ಕೋಟಿ ಟನ್ ಎಂದಿತು. ಅದರಲ್ಲಿ ಶೇಕಡಾ 72 ಭಾಗ ಮುಖ್ಯವಾಗಿ ಕಟ್ಟಡಗಳ ವಿದ್ಯುತ್ತು–ಇಂಧನದ್ದು, 20 ಸಾರಿಗೆಯದು, 8 ಕಸದ್ದು. ವಾಹನಗಳನ್ನಷ್ಟೇ ಬೈಯುತ್ತಿದ್ದವರು ಈ ಅಂಕಿ ನೋಡಬೇಕು.

ಆದರೆ ಟೆಂಡರಿನಲ್ಲಿ ಒಂದು ಮಾತು ಬರೆಯದಿದ್ದರೆ ಹಣ ದಂಡ ಎಂದೇ ನನ್ನ ಅಭಿಪ್ರಾಯ. ಹೊಳಪು ಕಾಗದದ ವರದಿಯ ಜೊತೆಗೆ ಲೆಕ್ಕದ ಹಾಳೆಗಳೂ ಪಾಲಿಕೆಯ ಸ್ವತ್ತಾಗಬೇಕು: ಯಾವ ಅಂಕಿ ಯಾವ ಕಚೇರಿಯಿಂದ ಬಂತು, ಎಲ್ಲಿ ಊಹೆ ಮಾಡಿದರು, ಏಕೆ. ಪಾಲಿಕೆಯ ಎಂಜಿನಿಯರರೊಬ್ಬರು ಮೊದಲ ದಿನದಿಂದ ಪಕ್ಕದಲ್ಲಿ ಕೂತು ಕಲಿಯಬೇಕು, ಮರುವರ್ಷದ ಲೆಕ್ಕ ಅವರೇ ಬರೆಯಬೇಕು. ಇಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ಬೇರೊಬ್ಬರು ಬಂದು ಬೇರೆ ಗಡಿ ಹಾಕಿ ಬೇರೆ ಮೊತ್ತ ಕೊಡುತ್ತಾರೆ. ಎರಡನ್ನು ಹೋಲಿಸಲು ಬರುವುದಿಲ್ಲ.

ನಿಮ್ಮ ಮನೆಯ ನೀರು ಕೂಡ ಸವದತ್ತಿಯ ಮಲಪ್ರಭೆಯಿಂದ ಪಂಪಾಗಿ ಅಮ್ಮಿನಬಾವಿ ದಾಟಿ ಬರುತ್ತದೆ. ಆ ಪಂಪುಗಳ ಹನ್ನೆರಡು ತಿಂಗಳ ಕರೆಂಟ್ ಬಿಲ್ಲನ್ನು ಮಾಹಿತಿ ಹಕ್ಕಿನಡಿ ಕೇಳಿ ತರಿಸಿಕೊಂಡು, ಯೂನಿಟ್ಟುಗಳನ್ನು 0.7ರಿಂದ ಗುಣಿಸಿ ನೋಡಿ. ಹುಬ್ಬಳ್ಳಿ–ಧಾರವಾಡದ ಲೆಕ್ಕದ ಆ ಒಂದು ಪುಟಕ್ಕೆ ಯಾವ ಕನ್ಸಲ್ಟೆಂಟೂ ಬೇಡ.