ಯಂತ್ರದ ಬಾಯಿ, ದುಡಿಯುವವನ ಕೈ

ಮಾಂಸ ಸಂಸ್ಕರಣದ ಕಾರಖಾನೆ ಎಂದೊಡನೆ ನಮ್ಮಲ್ಲಿ ಕೆಲವರು ಮೋರೆ ತಿರುವುವುದುಂಟು. ತಿನ್ನುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಅಲ್ಲಿ ದುಡಿಯುವ ಕೈಗಳು ನಮ್ಮ ಕೈಗಳಂಥವೇ. ಅಲ್ಲಿಯ ಯಂತ್ರ ಕಲಿಸುವ ಪಾಠವು ಅಚ್ಚುಕೂಟಕ್ಕೂ ಗಿರಣಿಗೂ ಸಲ್ಲುವುದು. ಆದುದರಿಂದ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

೧೯೦೬ರಲ್ಲಿ ಅಮೆರಿಕದ ಅಪ್ಟನ್ ಸಿಂಕ್ಲೇರ್ ಎಂಬ ಲೇಖಕರು ‘ದಿ ಜಂಗಲ್’ ಎಂಬ ಕಾದಂಬರಿಯಲ್ಲಿ ಷಿಕಾಗೋ ನಗರದ ಮಾಂಸದ ಕಾರಖಾನೆಗಳ ಕೂಲಿಕಾರರ ಬವಣೆಯನ್ನು ಚಿತ್ರಿಸಿದರು. ಓದಿದ ಜನರು ಕೂಲಿಕಾರನ ಕೈಗಿಂತ ತಮ್ಮ ತಟ್ಟೆಗಾಗಿ ಹೆಚ್ಚು ಹೆದರಿದರು. ಮಾಂಸದ ತಪಾಸಣೆಗೆ ಅದೇ ವರ್ಷ ಕಾಯಿದೆಯಾಯಿತು. ದುಡಿಯುವವರ ಸುರಕ್ಷತೆಗಾಗಿ ಇಡೀ ದೇಶಕ್ಕೆ ಸಲ್ಲುವ ಕಾಯಿದೆ ಬಂದದ್ದು ಮಾತ್ರ ೧೯೭೦ರಲ್ಲಿ. ನಡುವೆ ೬೪ ವರ್ಷ ಕಳೆದಿದ್ದವು!

ಖೀಮಾ ಮಾಡುವ ಯಂತ್ರವನ್ನೇ ನೋಡೋಣ. ಮೇಲೆ ಗಂಟಲಿನಂಥ ಕೊಳವೆ, ಅದರ ಕೆಳಗೆ ತಿರುಗುವ ದಪ್ಪ ತಿರುಪು, ತುದಿಯಲ್ಲಿ ಅಲಗು ಮತ್ತು ತೂತುಗಳ ತಟ್ಟೆ. ತಿರುಪು ಸಿಕ್ಕಿದ್ದನ್ನು ಮುಂದಕ್ಕೆ ಎಳೆಯುತ್ತದೆಯೇ ಹೊರತು ಮಾಂಸವಾವುದು, ಬೆರಳಾವುದು ಎಂದು ಕೇಳುವುದಿಲ್ಲ. ಬೆರಳು ಸಿಕ್ಕಿದರೆ ಹಿಂದಕ್ಕೆಳೆಯಲು ಹೊತ್ತು ಸಾಲದು. ಆದ್ದರಿಂದ ಕೈ ತಿರುಪಿಗೆ ಮುಟ್ಟದಂತೆ ಗಂಟಲಿಗೆ ತಡೆ ಇರಬೇಕು. ಮಾಂಸವನ್ನು ಒತ್ತಲು ಒತ್ತುಗೋಲು ಇರಬೇಕು. ಕೆಲಸ ಬೇಗ ಸಾಗಲೆಂದು ತಡೆಯನ್ನು ಬಿಚ್ಚಿಡುವುದು ಅಪಾಯವನ್ನು ಕರೆದು ಕೂರಿಸಿದಂತೆ.

ಅನೇಕ ಅಪಘಾತಗಳು ಯಂತ್ರವನ್ನು ತೊಳೆಯುವಾಗ, ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ಆಗುತ್ತವೆ. ಒಬ್ಬನು ಕೈ ಹಾಕಿರುವಾಗ ಇನ್ನೊಬ್ಬನು ಅರಿಯದೆ ಗುಂಡಿಯನ್ನು ಒತ್ತುತ್ತಾನೆ. ಇದಕ್ಕೆ ಉಪಾಯ ಸುಲಭ: ವಿದ್ಯುತ್ತಿನ ಮೂಲ ಸ್ವಿಚ್ಚನ್ನೇ ಆರಿಸಿ, ಅದಕ್ಕೆ ಬೀಗ ಹಾಕಿ, ಕೈ ಹಾಕುವವನೇ ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಚೂರಿಯ ಕೆಲಸಕ್ಕೆ ಉಕ್ಕಿನ ಬಲೆಯ ಕೈಚೀಲ ಒಳ್ಳೆಯದು. ತಿರುಗುವ ಯಂತ್ರದ ಬಳಿ ಅದೇ ಕೈಯನ್ನು ಒಳಗೆಳೆಸೀತು. ಶೀತದ ಕೋಣೆಯಲ್ಲಿ ಬೆರಳು ಮರಗಟ್ಟಿ ಸ್ಪರ್ಶ ತಿಳಿಯದು. ನಡುನಡುವೆ ಬಿಡುವು ಬೇಕು.

ಯಂತ್ರ ಒಂದೇ ಶತ್ರುವಲ್ಲ. ೧೯೯೧ರ ಸೆಪ್ಟೆಂಬರ್ ೩ರಂದು ಅಮೆರಿಕದ ಹ್ಯಾಮ್ಲೆಟ್ ಎಂಬ ಊರಿನ ಕೋಳಿಮಾಂಸದ ಕಾರಖಾನೆಯಲ್ಲಿ ಒತ್ತಡದ ಎಣ್ಣೆಯ ಕೊಳವೆ ಕಳಚಿ, ಎಣ್ಣೆ ಉರಿಗೆ ಸಿಡಿದು ಬೆಂಕಿ ಹತ್ತಿತು. ಹೊರಬಾಗಿಲುಗಳಿಗೆ ಬೀಗ ಬಿದ್ದಿತ್ತು. ೨೫ ಮಂದಿ ಸತ್ತರು. ಸ್ವಿಚ್ಚಿಗೆ ಬೀಗ ಬೇಕು, ದುಡಿಯುವವರ ದಾರಿಗೆ ಬೀಗ ಕೂಡದು.

ನಮ್ಮ ದೇಶದ ೧೯೪೮ರ ಕಾರಖಾನೆಗಳ ಕಾಯಿದೆ ಅಪಾಯಕರವಾಗಿ ತಿರುಗುವ ಭಾಗಗಳಿಗೆ ಗಟ್ಟಿಯಾದ ಬೇಲಿ ಇರಬೇಕೆಂದು ವಿಧಿಸಿತು. ೨೦೨೫ರ ನವೆಂಬರ್ ೨೧ರಿಂದ ಅದರ ಸ್ಥಾನಕ್ಕೆ ೨೦೨೦ರ ಸುರಕ್ಷತಾ ಸಂಹಿತೆ ಬಂದಿದೆ. ಗಂಭೀರ ಅಪಾಯ ಕಂಡರೆ ಅದನ್ನು ಮಾಲಿಕನ ಗಮನಕ್ಕೆ ತರುವ ಹಕ್ಕು ಅದರಲ್ಲಿ ಕೆಲಸಗಾರನಿಗೆ ಉಂಟು.

ಅಪಘಾತವಾದಾಗ ಯಂತ್ರವನ್ನು ನಿಲ್ಲಿಸಿ. ಸಿಕ್ಕಿದ ಕೈಯನ್ನು ಬಲವಾಗಿ ಎಳೆಯಬೇಡಿ, ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಬೇಡಿ. ನೆರವಿನವರನ್ನು ಕರೆಯಿರಿ. ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಗುಮಾಸ್ತೆಯ ಕೆಲಸದಲ್ಲಿರುವ ವಾಚಕರಿಗೆ ಒಂದು ಮಾತು. ಅಪಘಾತದ ದಿನ, ಗಂಟೆ, ಯಂತ್ರ, ನೋಡಿದವರ ಹೆಸರು, ಇವನ್ನು ಅಂದೇ ದಾಖಲೆಯಲ್ಲಿ ಬರೆಯಿರಿ. ಪರಿಹಾರ ಕೇಳುವ ಬಡವನಿಗೆ ಆ ನಾಲ್ಕು ಸಾಲುಗಳೇ ಬಲ. ಊರಿನ ಭಾಷೆ ಬಾರದ ನಮ್ಮವನೊಬ್ಬನು ಗಾಯಗೊಂಡಿದ್ದರೆ, ಹೆಬ್ಬೆಟ್ಟು ಒತ್ತುವ ಮುನ್ನ ಕಾಗದದಲ್ಲಿ ಏನಿದೆಯೆಂದು ಅವನಿಗೆ ಕನ್ನಡದಲ್ಲಿ ಓದಿ ಹೇಳಿರಿ.