ಕೇಳುವುದನ್ನು ಮೊದಲೇ ಕೇಳು

ಎಂ.ಡಿ. ಸೇರಿದ ಹೊಸದರಲ್ಲಿ ಡ್ಯೂಟಿ, ಓಪಿಡಿ, ಕೇಸ್ ಶೀಟುಗಳ ನಡುವೆ ತಲೆ ಎತ್ತಲೂ ಬಿಡುವಿರುವುದಿಲ್ಲ. ಅಷ್ಟರಲ್ಲೇ ಸಿನಾಪ್ಸಿಸ್ ಕೊಡುವ ದಿನ ಬಂದುಬಿಡುತ್ತದೆ. ಸೀನಿಯರ್ ಒಬ್ಬರ ಹಳೆಯ ಥೀಸಿಸ್ ಹಿಡಿದು, ಊರು ಬದಲಿಸಿ, ವರ್ಷ ಬದಲಿಸಿ ಕೊಟ್ಟುಬಿಡೋಣ ಅನ್ನಿಸುವುದು ಆಗಲೇ. ನೋಡಮ್ಮ, ಆ ದಾರಿ ಬೇಡ. ಸಂಶೋಧನೆ ಕಲಿಸುವವರು, ತಪ್ಪು ತಿದ್ದುವವರು, ದುಡ್ಡು ಕೊಡುವವರು ನಮ್ಮಲ್ಲೇ ಇದ್ದಾರೆ. ಆದರೆ ಕೆಲಸ ಶುರುವಾಗುವ ಮುಂಚೆಯೇ ಅವರ ಬಳಿ ಹೋಗಬೇಕು. ನಾನು ಹೇಳಬೇಕಾದದ್ದು ಇಷ್ಟೇ.

ಮೊದಲು ಪ್ರಶ್ನೆ. ಅದು ನೀನು ದಿನಾ ನೋಡುವ ರೋಗಿಗಳಿಂದಲೇ ಹುಟ್ಟಲಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರ ಜತೆ ಸೇರಿ 2002ರಿಂದ 2005ರವರೆಗೆ ನಡೆಸಿದ ಅಧ್ಯಯನವನ್ನು ಹುಡುಕಿ ಓದು. ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿ ಇಡಬೇಕು, ಸೂಜಿ ಚುಚ್ಚಲು ಬಲ್ಲವರೂ ಬೇಕು. ಹಳ್ಳಿಯ ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ ತಾಯಿಗೆ ಇವು ಸಿಗದಿದ್ದರೆ ಮಿಸೊಪ್ರೊಸ್ಟಾಲ್ ಮಾತ್ರೆಯಾದರೂ ಕಾಪಾಡೀತೇ? ಇದು ಅವರ ಪ್ರಶ್ನೆ. 1620 ತಾಯಂದಿರಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರೆ, ಉಳಿದವರಿಗೆ ಪ್ಲಸೀಬೊ ಕೊಟ್ಟರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು ತರಬೇತಿ ಪಡೆದ ಎ.ಎನ್.ಎಂ. ಸಿಸ್ಟರುಗಳು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳಲಿಲ್ಲ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನೇ ಇದಕ್ಕೆಂದು ರೂಪಿಸಿಕೊಂಡರು. ರಕ್ತಸ್ರಾವಕ್ಕೆ ಒಳಗಾದವರು ನೂರಕ್ಕೆ 12ರಿಂದ 6.4ಕ್ಕೆ ಇಳಿದರು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಂಥ ಅಧ್ಯಯನಗಳ ಬಲದಿಂದಲೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ಬಳಕೆಗೂ ಜಾಗ ಕೊಟ್ಟಿತು. ಯಾರಿಗೆ ಕೊಡಬೇಕು, ಯಾರು ಕೊಡಬೇಕು, ಹೇಗೆ ಅಳೆಯಬೇಕು ಎಂಬುದೆಲ್ಲ ಮೊದಲ ತಾಯಿ ಸೇರುವ ಮುಂಚೆಯೇ ತೀರ್ಮಾನವಾಗಿತ್ತು. ನಿನ್ನ ಅಧ್ಯಯನ ಅರವತ್ತು ರೋಗಿಗಳದ್ದಾದರೂ ಇದೇ ಕ್ರಮ.

ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋಗುವುದು ಮಾಸ್ಟರ್ ಚಾರ್ಟ್ ತುಂಬಿಸಿದ ಮೇಲೆ ಎಂಬ ರೂಢಿ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಅದು ಬಿತ್ತನೆ ಮುಗಿಸಿ ಬಂದು ಯಾವ ಬೀಜ ಒಳ್ಳೆಯದೆಂದು ವಿಚಾರಿಸಿದ ಹಾಗೆ. ಸ್ಯಾಂಪಲ್ ಸೈಜ್ ಎಷ್ಟು, ಯಾವುದನ್ನು ಮುಖ್ಯ ಫಲಿತಾಂಶವೆಂದು ಎಣಿಸಬೇಕು, ಯಾವ ಕಾಲಂ ಬಿಟ್ಟುಹೋದರೆ ಇಡೀ ಲೆಕ್ಕ ಕೆಡುತ್ತದೆ, ಇದನ್ನೆಲ್ಲ ಕಮ್ಯೂನಿಟಿ ಮೆಡಿಸಿನ್ ವಿಭಾಗದಲ್ಲಿ ಕೂತು ಮೊದಲೇ ಕೇಳು. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ನಡೆಸುವ ಆನ್‌ಲೈನ್ ಸಂಶೋಧನಾ ಕೋರ್ಸ್ ಪಿ.ಜಿ.ಗಳಿಗೆ ಕಡ್ಡಾಯ. ಸರ್ಟಿಫಿಕೇಟಿಗಾಗಿ ಕೊನೆಯ ವಾರ ಓಡಿಸಿ ಮುಗಿಸಬೇಡ. ಸಿನಾಪ್ಸಿಸ್ ಬರೆಯುವ ಮುನ್ನ ನಿಧಾನವಾಗಿ ಕೇಳು. ನಿನ್ನ ವಾರ್ಡಿನ ಎಂ.ಬಿ.ಬಿ.ಎಸ್. ಹುಡುಗರಿಗೂ ಒಂದು ಮಾತು ಹೇಳು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನಾವೆಲ್ಲ ಐ.ಸಿ.ಎಂ.ಆರ್. ಎನ್ನುವ ಸಂಸ್ಥೆ, 1979ರಿಂದಲೂ ಅವರಿಗಾಗಿಯೇ ಎರಡು ತಿಂಗಳ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ.

ಇನ್ನು ದುಡ್ಡು. ಎಂ.ಡಿ., ಎಂ.ಎಸ್. ಥೀಸಿಸ್‌ಗೆ ಐ.ಸಿ.ಎಂ.ಆರ್. ನೆರವಿದೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸಂಶೋಧನೆಗೆ ಹಣ ಕೊಡುತ್ತದೆ. ಮುಂದೆ ಸಂಶೋಧನೆಯಲ್ಲೇ ಉಳಿಯುವ ಮನಸ್ಸಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ 2008ರಲ್ಲಿ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್ ಇದೆ. ವೈದ್ಯರಿಗೆಂದೇ ಅಲ್ಲಿ ಫೆಲೋಶಿಪ್‌ಗಳಿವೆ. ಬಜೆಟ್ ಬರೆಯುವಾಗ ಮಷಿನ್ನಿನ ಬೆಲೆಗಿಂತ ಮೊದಲು ರೋಗಿಯನ್ನು ನೆನೆ. ಅಧ್ಯಯನಕ್ಕೆಂದು ಮಾಡಿಸುವ ರಕ್ತಪರೀಕ್ಷೆಯ ಬಿಲ್ಲು ಅವರ ತಲೆಗೆ ಬರಕೂಡದು. ಮತ್ತೆ ಬಾ ಎಂದು ಕರೆದರೆ ಬಸ್ ಚಾರ್ಜು, ತಪ್ಪಿದ ಕೂಲಿ ಕಟ್ಟಿಕೊಡಬೇಕು. 2017ರ ಐ.ಸಿ.ಎಂ.ಆರ್. ನೈತಿಕ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಒಪ್ಪಿಗೆ ಪತ್ರವನ್ನು ಅವರ ಆಡುಮಾತಿನಲ್ಲಿ ಬರೆದು, ಆಯಾ ಒಬ್ಬರಿಗೆ ಓದಿ ಹೇಳಿ ನೋಡು. ಅವರಿಗೆ ತಿಳಿಯದಿದ್ದರೆ ಮತ್ತೆ ಬರೆ.

ನಿನ್ನದು ಚಿಕಿತ್ಸೆಯನ್ನು ಪರೀಕ್ಷಿಸುವ ಅಧ್ಯಯನವಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆಯ ಜತೆಗೆ, 2007ರಲ್ಲಿ ಶುರುವಾದ ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ನೋಂದಣಿ, ಅಂದರೆ ಸಿ.ಟಿ.ಆರ್.ಐ.ನಲ್ಲಿ ಹೆಸರು ದಾಖಲಾಗಬೇಕು. ಅದಕ್ಕೆ ಶುಲ್ಕವಿಲ್ಲ. ಆದರೆ ಮೊದಲ ರೋಗಿ ಸೇರುವ ಮುಂಚೆಯೇ ಆಗಬೇಕು. 2018ರ ಏಪ್ರಿಲ್‌ನಿಂದ ತಡವಾಗಿ ಬಂದವರನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಎಷ್ಟೋ ಜನ ಪಿ.ಜಿ.ಗಳ ಒಳ್ಳೆಯ ಕೆಲಸ, ಒಳ್ಳೆಯ ಪತ್ರಿಕೆಯ ಹೊಸ್ತಿಲಲ್ಲಿ ಇದೊಂದೇ ಕಾರಣಕ್ಕೆ ನಿಂತುಹೋಗಿದೆ.

ಗೈಡ್ ಹತ್ತಿರ ಸಂಕೋಚ ಬಿಟ್ಟು ಸಮಯ ಕೇಳು. ವಾರಕ್ಕೆ ಒಂದು ಮಧ್ಯಾಹ್ನ ವಾರ್ಡಿನ ಕರೆ ಬರದ ಹಾಗೆ ಏರ್ಪಾಡು ಮಾಡಿಕೊಡಿ ಸರ್, ಮೇಡಂ ಎಂದು ಕೇಳುವುದು ಉದ್ಧಟತನವಲ್ಲ. ಗ್ರಾಂಟಿನಷ್ಟೇ ಅದೂ ಬೇಕು. ಗೈಡ್ ಆಗಿರುವ ನನ್ನ ವಾರಿಗೆಯವರಲ್ಲೂ ಕೇಳಿಕೊಳ್ಳುತ್ತೇನೆ: ಕೇಳಿದ ಮಕ್ಕಳಿಗೆ ಆ ಮಧ್ಯಾಹ್ನವನ್ನು ಕೊಡಿ.

ದುಡ್ಡು ತೆಗೆದುಕೊಂಡು ಥೀಸಿಸ್ ಬರೆದುಕೊಡುವವರು, ಮೂರೇ ದಿನದಲ್ಲಿ ಅಚ್ಚು ಹಾಕಿಕೊಡುವ ಜರ್ನಲ್‌ಗಳು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಓಗೊಡಬೇಡ. ರೋಗಿ ತನ್ನ ರಕ್ತವನ್ನೂ ಹೊತ್ತನ್ನೂ ಕೊಟ್ಟಿರುವುದು ನಿನ್ನ ಮಾತು ನಂಬಿ. ಸಿನಾಪ್ಸಿಸ್‌ಗೆ ಸಹಿ ಬೀಳುವ ಮುಂಚೆ ನಿನ್ನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಗೈಡ್, ಸ್ಟ್ಯಾಟಿಸ್ಟಿಷಿಯನ್, ವಾರ್ಡಿನ ಸಿಸ್ಟರ್ ಮೂವರಿಗೂ ತೋರಿಸು. ಮೂವರೂ ಹೂಂ ಅಂದ ಮೇಲೆ ಗ್ರಾಂಟ್ ಅರ್ಜಿಗೆ ಕೂರು.