ನುಡಿಗಾಗಿ ಮಡಿದವರು

1947ರಲ್ಲಿ ಭಾರತ ವಿಭಜನೆಯಾದಾಗ ಪೂರ್ವ ಬಂಗಾಳವು ಪಾಕಿಸ್ತಾನಕ್ಕೆ ಸೇರಿತು. ಬಹುಸಂಖ್ಯಾತರ ಧರ್ಮ ಒಂದೇ ಆಗಿದ್ದರೂ ನುಡಿ ಬೇರೆಯಾಗಿತ್ತು. ಉರ್ದುವೊಂದೇ ರಾಷ್ಟ್ರಭಾಷೆಯೆಂದು ಆಳುವವರು ಸಾರಿದರು. ದೇಶದ ಅರ್ಧಕ್ಕೂ ಮಿಗಿಲಾದ ಜನರ ನುಡಿಯಾದ ಬಂಗಾಳಿಗೆ ಸ್ಥಾನವಿಲ್ಲದಾಯಿತು. 1952ರ ಫೆಬ್ರವರಿ 21ರಂದು, ಇದನ್ನು ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದರು. ತಾಯ್ನುಡಿಗಾಗಿ ತರುಣರು ಪ್ರಾಣತೆತ್ತರು. 1956ರಲ್ಲಿ ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ದೊರೆಯಿತು. ಅಂದು ಚಿಗುರಿದ ಸ್ವಾಭಿಮಾನವು 1971ರಲ್ಲಿ ಬಾಂಗ್ಲಾದೇಶವಾಗಿ ಫಲಿಸಿತು.

ಹೊಟ್ಟೆಪಾಡಿಗಾಗಿ ಕಡಲು ದಾಟಿದವರೂ ಆ ದಿನವನ್ನು ಮರೆಯಲಿಲ್ಲ. ಲಂಡನ್ನಿನಲ್ಲಿ ನೆಲಸಿದವರು ಢಾಕಾದ ಹುತಾತ್ಮ ಸ್ಮಾರಕದ ಪ್ರತಿರೂಪವನ್ನು ನಿಲ್ಲಿಸಿ, ಪ್ರತಿವರ್ಷ ಹೂವಿರಿಸಿ ನಮಿಸುತ್ತಾರೆ. ಕೆನಡಾದಲ್ಲಿದ್ದ ಬಂಗಾಳಿಗಳು ಅನ್ಯಭಾಷಿಕರೊಡಗೂಡಿ ಯತ್ನಿಸಿದರು. ಬಾಂಗ್ಲಾದೇಶದ ಪ್ರಸ್ತಾವದಂತೆ 1999ರಲ್ಲಿ ಯುನೆಸ್ಕೊ ಅದನ್ನು ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿತು. ಬಾಂಗ್ಲಾದೇಶದಲ್ಲಿ ಚಕ್ಮಾ ಮೊದಲಾದ ನುಡಿಗಳೂ ಉಂಟು. ಅವಕ್ಕೂ ಗೌರವ ದೊರೆತಾಗಲೇ ಆ ಬಲಿದಾನ ಪೂರ್ಣವಾಗಿ ಸಾರ್ಥಕ.